ಹದಿನಾಲ್ಕನೇ ನಿಯಮದ ಕುರ್ಚಿ

ರೈಲಿನಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ನಮ್ಮ ಎದುರುಮನೆಯವರನ್ನು ಇಡೀ ಅಪಾರ್ಟ್‌ಮೆಂಟು ಟೀಸಿ ಮಾವ ಎಂದೇ ಕರೆಯುತ್ತದೆ. ಸಂಘದ ನಿಯಮ ಮುರಿದವರಿಗೆ ದಂಡ ಹಾಕುವುದು ಅವರ ಈಗಿನ ಕೆಲಸ. ಮುಖ ನೋಡಿ ಮಣೆ ಹಾಕುವವರಲ್ಲ; ಸ್ವಂತ ತಮ್ಮನ ಸ್ಕೂಟರಿಗೂ ದಂಡದ ಚೀಟಿ ಅಂಟಿಸಿದ್ದಾರೆ.

ಮೊನ್ನೆ ಶೂ ಹಾಕಿಕೊಳ್ಳಲೆಂದು ಬಾಗಿಲಾಚೆ ಒಂದು ಕುರ್ಚಿ ಇಟ್ಟಿದ್ದೆ. ರಸೀದಿ ಪುಸ್ತಕ ಹಿಡಿದು ಬಂದೇಬಿಟ್ಟರು.

"ಹದಿನಾಲ್ಕನೇ ನಿಯಮ. ಕಾರಿಡಾರಲ್ಲಿ ಕುರ್ಚಿ ಹಾಕೋ ಹಾಗಿಲ್ಲ."

ನನಗೆ ರೇಗಿತು. "ಸೈಕಲ್ ಇಡಬಹುದು, ಹೂಕುಂಡ ಇಡಬಹುದು. ಕುರ್ಚಿ ಮಾತ್ರ ಯಾಕೆ ಬೇಡ, ಮಾವ?"

ಬರೆಯುತ್ತಿದ್ದ ಪೆನ್ನು ನಿಂತಿತು. ದಂಡ ಹಾಕುತ್ತ ಬಂದ ಹತ್ತು ವರ್ಷದಲ್ಲಿ ಅವರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಕುತೂಹಲ ತಡೆಯಲಾರದೆ ಇಬ್ಬರೂ ಸಂಘದ ಕೋಣೆಗೆ ಹೋಗಿ, ಧೂಳು ಹಿಡಿದ ಹಳೆಯ ಕಡತಗಳನ್ನೆಲ್ಲ ಜಾಲಾಡಿದೆವು. ಕೊನೆಗೆ ಆ ನಿಯಮಕ್ಕೆ ಕಾರಣವಾದ ದೂರಿನ ಪತ್ರ ಸಿಕ್ಕಿತು. ಕೆಳಗಿದ್ದ ಸಹಿ ಮಾವನ ಹೆಂಡತಿಯದು.

ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಪತ್ರ ತೋರಿಸಿದರೂ ಕೈ ನಿಲ್ಲಿಸಲಿಲ್ಲ.

"ರಿಟೈರಾದ ಹೊಸದರಲ್ಲಿ ದಿನವಿಡೀ ಬಾಗಿಲಾಚೆ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರಲ್ಲ. ಬಂದೋರನ್ನೆಲ್ಲ ಎಲ್ಲಿಂದ, ಎಲ್ಲಿಗೆ, ಯಾಕೆ ಅಂತ ವಿಚಾರಿಸಿ ವಿಚಾರಿಸಿ, ನಮ್ಮನೆ ಕಡೆ ಒಂದು ನರಪಿಳ್ಳೆನೂ ಸುಳೀತಿರಲಿಲ್ಲ."

ಮಾವ ಕೇಳಿದರು: "ಹಾಗಾದ್ರೆ ಈ ದಂಡ ಹಾಕೋ ಕೆಲಸಕ್ಕೆ ನನ್ನ ಹೆಸರು ಹೇಳಿದ್ದು?"

"ಅದೂ ನಾನೇ. ವಿಚಾರಿಸೋದೆಲ್ಲ ಬೇರೆಯವರ ಬಾಗಿಲಲ್ಲಿ ನಡೀಲಿ ಅಂತ."