ಡೋಣಿ ಕಡೆ ವಾಲಿದ ಬೆಳಕು

ಅವ್ವನ ಬಲ ಮುಂಗೈ ಸೊಟ್ಟಗಿದೆ. ನಾನು ಗದಗಿನಲ್ಲಿ ಬಿ.ಎಸ್ಸಿ. ಓದುವಾಗ ಆಕೆ ಹಿತ್ತಲಲ್ಲಿ ಜಾರಿ ಬಿದ್ದಳು. ಮುಂಡರಗಿಯ ಒಂದು ಎಕ್ಸ್‌ರೇ ಸೆಂಟರಿನಲ್ಲಿ ಚಿತ್ರ ತೆಗೆಸಿದೆವು. ಅದರಲ್ಲಿ ಮಣಿಕಟ್ಟಿನ ಅಂಚೇ ಬಂದಿರಲಿಲ್ಲ. ಮುರಿದದ್ದು ಅಲ್ಲಿಯೇ. ಮಾಲೀಕ ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಅವ್ವನನ್ನು ಬೈದ: "ಅಳ್ಳಾಡಬ್ಯಾಡ ಅಂದ್ರ ತಿಳಿಯೂದಿಲ್ಲೇನವಾ ನಿನಗ?" ಇನ್ನೊಂದು ಚಿತ್ರ ತೆಗೆಯದೆ, ಬರೀ ಉಳುಕು ಎಂದು ಕಳಿಸಿದ. ಮೂಳೆ ಹಾಗೆಯೇ ಕೂಡಿಕೊಂಡಿತು.

ರೊಟ್ಟಿ ಬಡಿಯಲು ಕೂತಾಗಲೆಲ್ಲ ಅವ್ವ, "ನಾನಽ ಅಳ್ಳಾಡಿದ್ನೇನೋ" ಎನ್ನುತ್ತಿದ್ದಳು. ಅಳ್ಳಾಡಿದರೆ ಚಿತ್ರ ಮಸುಕಾಗುತ್ತದೆ, ಕತ್ತರಿಸಿದಂತೆ ಆಗುವುದಿಲ್ಲ. ಇದು ನನಗೆ ತಿಳಿದದ್ದು ಎಂ.ಎಸ್ಸಿ. ಓದುವಾಗ.

ಈಗ ಜಿಲ್ಲೆಯ ಎಕ್ಸ್‌ರೇ ಯಂತ್ರಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹೋದ ವರ್ಷ ಅದೇ ಸೆಂಟರಿಗೆ ಹೋದೆ. ಮಾಲೀಕನಿಗೆ ನನ್ನ ಗುರುತು ಸಿಗಲಿಲ್ಲ. ನಾನೂ ಹೇಳಲಿಲ್ಲ.

ಯಂತ್ರದ ದೀಪ ಮೇಜಿನ ಮೇಲೆ ಬೆಳಕಿನ ಚೌಕ ಹಾಕುತ್ತದೆ. ಕಣ್ಣಿಗೆ ಕಾಣದ ಕಿರಣವೂ ಅದೇ ಚೌಕದಲ್ಲಿ ಬೀಳಬೇಕು. ಚೌಕದ ಅಂಚುಗಳಿಗೆ ಲೋಹದ ತುಂಡುಗಳನ್ನಿಟ್ಟು ಚಿತ್ರ ತೆಗೆದೆ. ಒಂದು ಬದಿಯ ತುಂಡು ಚಿತ್ರದಲ್ಲಿ ಇರಲೇ ಇಲ್ಲ.

"ಅದು ಮೊದಲಿಂದನೂ ಹಂಗಽ ಐತ್ರಿ ಮೇಡಂ," ಎಂದು ಆತ ನಕ್ಕ. "ಬೆಳಕು ಜರಾ ಡೋಣಿ ಊರಿನ ಕಡೆ ವಾಲತೈತಿ. ನಾವು ಪೇಷಂಟನ್ನ ಬಸ್ ಸ್ಟ್ಯಾಂಡ್ ಕಡೆ ಸರಸ್ತೀವ್ರಿ. ಬರೋಬ್ಬರಿ ಅಕ್ಕೈತಿ."

"ಸರಸೂದು ಮರತ್ರ?"

"ಮರತ್ರೇನ್ರಿ, ಪೇಷಂಟ್ ಅಳ್ಳಾಡಿದ ಅಂತೀವಿ."

ಒಳಗಿನ ಕನ್ನಡಿ ಓರೆಯಾಗಿತ್ತು, ಅಷ್ಟೇ. ಸ್ಕ್ರೂ ತಿರುಗಿಸಿದರೆ ಸರಿಹೋಗುವಂಥದ್ದು. ಸ್ಕ್ರೂಡ್ರೈವರ್ ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ರಿಪೇರಿ ಮೆಕ್ಯಾನಿಕ್‌ನ ಕೆಲಸ; ಆತ ಹುಬ್ಬಳ್ಳಿಯಿಂದ ಬರಬೇಕು. ಅಲ್ಲಿಯವರೆಗೆ ಯಂತ್ರ ಬಂದ್ ಎಂದೆ.

"ಸಂತಿ ದಿನ ಐತ್ರಿ ಮೇಡಂ, ಹೊರಗ ಮಂದಿ ನೋಡ್ರಿ."

"ನೋಡೀನಿ. ಅವರಿಗೆ ನೀವಽ ಹೇಳ್ರಿ."

ಆತ ಬಾಗಿಲಿಗೆ ಹೋಗಿ, "ಇವತ್ತ ಮಷೀನ್ ಕೆಟ್ಟೈತಿ," ಎಂದ.

"ಇವತ್ತಲ್ಲ," ಎಂದೆ ಹಿಂದಿನಿಂದ. "ಮೊದಲಿಂದನೂ ಸೊಟ್ಟ ಐತಿ ಅನ್ರಿ."

ಆತ ಹಾಗೆ ಅನ್ನುವವರೆಗೆ ನಾನು ಬಿಡಲಿಲ್ಲ.

ಸೊಂಟ ಹಿಡಿದು ಕೂತಿದ್ದ ಅಜ್ಜಿಯೊಬ್ಬಳು ಕೇಳಿದಳು: "ಹಂಗಾರ ಹ್ವಾದ ಸಲ ಯಾರ ಸ್ವಂಟದ ಫೋಟೋ ಕೊಟ್ಟೀಯೋ ನನಗ?" ಜನ ನಕ್ಕರು. ಆತನ ಕಿವಿ ಕೆಂಪಾದವು. ನಾನು ಅವಸರ ಮಾಡದೆ ಸಾಮಾನು ಜೋಡಿಸಿಕೊಂಡೆ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಆಕೆ ಸೊಟ್ಟ ಮುಂಗೈ ಸವರಿಕೊಂಡು ಕೇಳಿದಳು:

"ರಿಪೇರಿ ಆದಮ್ಯಾಲೆ ನೋಡಾಕ ಮತ್ತ ನೀನಽ ಹೋಗಬೇಕೇನು?"

"ಹೌದು."

"ನಾನೂ ಬರ್ತೀನಿ. ಅಂವಾ ಆ ಮಂದಿ ಮುಂದಽ ನನಗ ತಪ್ಪಾತು ಅನ್ನೂತನಾ ಅಲ್ಲಿಂದ ಏಳೂದಿಲ್ಲ."