ಹಿಟ್ಟಿನ ಕೋಲು ಗೋಡೆ ಏರಿದ್ದು

ಈವತ್ತು ಬೆಳಿಗ್ಗೆ ರಾಗಿ ಹಿಟ್ಟು ತಳ ಹಿಡಿದ ವಾಸನೆ ಮನೆಯೆಲ್ಲ ತುಂಬಿತು. ಹಿಡಿಸಿದವನು ನಾನೇ. "ಇಳಿಸ್ರೀ, ಸಾಕು!" ಎಂದು ಹೆಂಡತಿ ಹಾಲ್‌ನಿಂದಲೇ ಕೂಗಿದಳು. ಆ ವಾಸನೆಗೆ ನನಗೆ ನೆನಪಾಗುವುದು ಹಾಸನದಲ್ಲಿ ನಡೆದ ಒಂದು ಕಲಾ ಪ್ರದರ್ಶನ. ಮುದ್ದೆಗೂ ಕಲೆಗೂ ಏನು ಸಂಬಂಧ ಅನ್ನುತ್ತೀರಿ. ಮೂರು ವರ್ಷದ ಹಿಂದೆ ನಾನೂ ಹಾಗೇ ಅಂದಿದ್ದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು. ಚಿತ್ರ ಎಂದರೆ ನನ್ನ ಮಟ್ಟಿಗೆ ಎರಡು ಬೆಟ್ಟ, ನಡುವೆ ಸೂರ್ಯ, ಮೇಲೆ ನಾಲ್ಕು ಕಾಗೆ. ಹೀಗಿರುವಾಗ ನನ್ನ ಹಳೇ ವಿದ್ಯಾರ್ಥಿನಿ ಸುಜಾತಾ ಮನೆಗೆ ಬಂದಳು. ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯ ಜೈನರ ಮನೆಯ ಹುಡುಗಿ, ಮೈಸೂರಿನಲ್ಲಿ ಕಲೆ ಓದಿದವಳು.

"ಸಾರ್, ಹಳ್ಳಿ ಮನೆಗಳ ಮುದ್ದೆ ಕೋಲು ಬೇಕಿತ್ತು. ಶೋಗೆ."

"ಕೋಲಿನ ಚಿತ್ರ ಬರೀತೀಯಾ?"

"ಇಲ್ಲ ಸಾರ್, ಕೋಲನ್ನೇ ತೂಗುಹಾಕ್ತೀನಿ."

"ಮತ್ತೆ ನೀನು ಮಾಡೋದೇನಮ್ಮ?"

"ಮೊಳೆ ಹೊಡೀತೀನಿ ಸಾರ್," ಎಂದು ನಕ್ಕಳು. ಆಮೇಲೆ ವಿವರಿಸಿದಳು. ಹೊರದೇಶಗಳಲ್ಲಿ ಸೈಕಲ್ ಚಕ್ರ, ಮುರಿದ ಕುರ್ಚಿ, ಹರಿದ ಹಾಸಿಗೆಯನ್ನೆಲ್ಲ ಕಲಾವಿದರು ಹೀಗೇ ಇಟ್ಟಿದ್ದಾರಂತೆ. "ದಿನಾ ಕೈಯಲ್ಲಿರೋದನ್ನ ಯಾರೂ ನೋಡಲ್ಲ ಸಾರ್. ಗೋಡೆ ಮೇಲೆ ಹಾಕಿದ್ರೆ ನಿಂತು ನೋಡ್ತಾರೆ." ನನಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಆದರೆ ಶಿಷ್ಯೆಯ ಮುಂದೆ ಮೇಷ್ಟ್ರು ಪೆದ್ದನಾಗಬಾರದಲ್ಲ, ಭೇಷ್ ಎಂದೆ. ಕೋಲುಗಳನ್ನು ಕೂಡಿಸಿಕೊಡುವ ಕೆಲಸವನ್ನೂ ಮೈಮೇಲೆ ಎಳೆದುಕೊಂಡೆ.

ದುದ್ದ, ದಂಡಿಗನಹಳ್ಳಿ, ಹರದನಹಳ್ಳಿ ಅಂತ ಸ್ಕೂಟರಿನಲ್ಲಿ ಸುತ್ತಿ ಇಪ್ಪತ್ತು ಕೋಲು ತಂದೆ. ದುದ್ದದಲ್ಲಿ ನನ್ನ ದೊಡ್ಡಮ್ಮನ ಮನೆ. ಆಕೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಅರಕಲಗೂಡಿನಲ್ಲಿ ಮಗಳ ಹತ್ತಿರ ಇದ್ದಳು, ಬೀಗದ ಕೈ ನನ್ನಲ್ಲಿತ್ತು. ಒಲೆ ಮೂಲೆಯಲ್ಲಿ ಒರಗಿದ್ದ ಕೋಲನ್ನು ಕೇಳದೆ ಎತ್ತಿಕೊಂಡು ಬಂದೆ. ಒಂದು ಕೋಲಿಗೆ ಯಾರನ್ನು ಏನು ಕೇಳುವುದು? ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಒಂದೊಂದಕ್ಕೂ ಮನೆಯವರ ಹೆಸರಿನ ಚೀಟಿ ಕಟ್ಟಿದ್ದೆ, ಸರಿಯೇ. ಆದರೆ ದೊಡ್ಡ ಮನುಷ್ಯರು ನೋಡುವ ಜಾಗಕ್ಕೆ ಹಿಟ್ಟು ಅಂಟಿದ ಕೋಲು ಕಳಿಸುವುದೇ ಎಂದು ಎಲ್ಲವನ್ನೂ ಟಬ್ಬಿನಲ್ಲಿ ನೆನೆಹಾಕಿದೆ. ಸಂಜೆ ನೋಡಿದರೆ ಚೀಟಿಗಳು ಗಂಜಿಯಾಗಿದ್ದವು. ಸುಜಾತಾಗೆ ಹೇಳುವ ಧೈರ್ಯ ಬರಲಿಲ್ಲ. ಹೆಸರಿಲ್ಲದಿದ್ದರೇ ಚೆನ್ನ ಎಂದು ಅವಳು ಬೇರೆ ಮೆಚ್ಚಿಕೊಂಡಳು!

ಪ್ರದರ್ಶನ ಶುರುವಾದ ಎರಡನೇ ದಿನ ದೊಡ್ಡಮ್ಮನ ಫೋನು. ಊರಿಗೆ ಬಂದಿದ್ದಳು.

"ಲೇ, ಇಟ್ಟಿನ ಕ್ವಾಲು ಎಲ್ಲಿ ಮಡಗಿದ್ದೀಯ್ಲಾ?"

"ಪ್ರದರ್ಶನಕ್ಕೆ ಕೊಟ್ಟಿದ್ದೀನಿ ದೊಡ್ಡಮ್ಮ. ಹೊಸದು ತಂದ್ಕೊಡ್ತೀನಿ ಬಿಡು."

"ಅದು ನಮ್ಮಾವ ಕೆತ್ಕೊಟ್ಟಿದ್ದು ಕಣಪ್ಪಾ," ಎಂದಳು.

ದೊಡ್ಡಮ್ಮ ಎಡಚಿ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ, ಎಡಗೈಯಲ್ಲಿ ತಿರುವಿದ ಹಿಟ್ಟು ಯಾರು ಉಣ್ಣುತ್ತಾರೆ ಎಂದು ಅವಳನ್ನು ಒಲೆಯ ಹತ್ತಿರವೇ ಬಿಟ್ಟಿರಲಿಲ್ಲವಂತೆ. ಮಾವ ಮಾತಾಡದೆ ಹುಣಸೆ ಕೊಂಬೆ ಕಡಿದು, ಕೆತ್ತಿ, ಸೊಸೆಯ ಎಡಗೈಗೇ ಕೊಟ್ಟು, "ತಿರುವು ಮಗ, ಗಂಟಿಲ್ದಿದ್ರೆ ಸಾಕು," ಎಂದನಂತೆ. ಐವತ್ತು ವರ್ಷ ಆ ಮುದ್ದೆ ಉಂಡವನು ನಾನು. ಈ ಕತೆ ಕೇಳಿದ್ದು ಅವತ್ತೇ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಪ್ರದರ್ಶನದ ಹಾಲ್‌ಗೆ ಓಡಿದೆ. ಬಿಳೀ ಗೋಡೆಯ ಮೇಲೆ ಸಾಲಾಗಿ ಇಪ್ಪತ್ತು ಕೋಲು. ಎಲ್ಲವೂ ಕಪ್ಪು, ಎಲ್ಲವೂ ಸವೆದವು. ಸುಜಾತಾ ಹೇಳಿದ್ದು ಆಗ ತಲೆಗೆ ಹೋಯಿತು: ದಿನಾ ಕಂಡದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಅವಳ ಮುಂದೆ ತಪ್ಪೊಪ್ಪಿಕೊಂಡೆ. ಅಂದಾಜಿನ ಮೇಲೆ ಒಂದನ್ನು ಬಿಚ್ಚಿಸಿಕೊಂಡು ದುದ್ದಕ್ಕೆ ಹೋದೆ. ದೊಡ್ಡಮ್ಮ ಹಿಡಿದ ಕೂಡಲೇ, "ಇದು ನಂದಲ್ಲ ಕಣ್ಲಾ. ನಡಿ, ನಾನೇ ಬತ್ತೀನಿ," ಎಂದು ಸೆರಗು ಸಿಕ್ಕಿಸಿಕೊಂಡಳು.

ಹಾಲ್‌ನಲ್ಲಿ 'ವಸ್ತುಗಳನ್ನು ಮುಟ್ಟಬೇಡಿ' ಎಂಬ ಬೋರ್ಡು. ದೊಡ್ಡಮ್ಮ ಓದಲು ಬಾರದವಳು, ಬದುಕಿಕೊಂಡೆವು. ಕಣ್ಣಿಗೆ ಕಪ್ಪು ಕನ್ನಡಕ. ಅವಳು ನೋಡಲೂ ಇಲ್ಲ. ಮೊದಲಿನಿಂದ ಒಂದೊಂದೇ ಕೋಲನ್ನು ಎಡಗೈಯಲ್ಲಿ ಹಿಡಿದು ಬಿಡುತ್ತಾ ಬಂದಳು. ಐದು, ಒಂಬತ್ತು, ಹನ್ನೆರಡು. ಹದಿನಾಲ್ಕನೆಯದಕ್ಕೆ ಕೈ ನಿಂತಿತು. ಹೆಬ್ಬೆರಳು, ತಿರುವಿ ತಿರುವಿ ತಾನೇ ಸವೆಸಿದ ಒಂದು ಸಣ್ಣ ಗುಳಿಯಲ್ಲಿ ಹೋಗಿ ಕೂತಿತು.

"ಇಲ್ಲವ್ನೆ ನೋಡು!" ಎಂದಳು, ತಪ್ಪಿಸಿಕೊಂಡ ಮಗು ಸಿಕ್ಕಿದ ಹಾಗೆ.

ಸುಜಾತಾ ತಾನೇ ಕೋಲು ಬಿಚ್ಚಿ ಕೊಟ್ಟಳು. "ನಿನ್ ಗ್ವಾಡೆ ಬರಿದಾಯ್ತಲ್ಲವ್ವಾ," ಎಂದು ದೊಡ್ಡಮ್ಮ ಪೇಚಾಡಿದಳು. ಸುಜಾತಾ ಖಾಲಿ ಮೊಳೆಯ ಕೆಳಗೆ ಒಂದು ಚೀಟಿ ಅಂಟಿಸಿದಳು: 'ಕೆಲಸಕ್ಕೆ ಹೋಗಿದೆ.'

ಉಳಿದ ಮನೆಗಳಿಗೂ ಹೇಳಿ ಕಳಿಸಿದೆವು. ಹೆಂಗಸರು ಬಂದರು, ಕಣ್ಣಿಗಿಂತ ಮೊದಲು ಕೈ ಚಾಚಿದರು. ತಮ್ಮ ಕೋಲಿನ ಗುರುತು ಒಬ್ಬರಿಗೂ ತಪ್ಪಲಿಲ್ಲ. ಕಡೆಯ ದಿನ ಗೋಡೆಯ ಮೇಲೆ ಇಪ್ಪತ್ತು ಮೊಳೆ, ಇಪ್ಪತ್ತು ಚೀಟಿ. ಅವತ್ತು ಬಂದಷ್ಟು ಜನ ಮೊದಲು ಬಂದಿರಲಿಲ್ಲ.

ದೊಡ್ಡಮ್ಮ ನನಗೆ ಶಿಕ್ಷೆ ಕೊಡದೆ ಬಿಡಲಿಲ್ಲ. "ಇನ್ಮೇಲೆ ನೀನೂ ತಿರುವು, ಗೊತ್ತಾಯ್ತದೆ," ಎಂದಳು. ಅಂದಿನಿಂದ ವಾರಕ್ಕೆರಡು ದಿನ ಮುದ್ದೆ ನನ್ನದೇ. ಈಗಲೂ ಗಂಟು ಬೀಳುತ್ತದೆ, ಈವತ್ತಿನ ಹಾಗೆ ತಳವೂ ಹಿಡಿಯುತ್ತದೆ.

ಪಾತ್ರೆ ಉಜ್ಜಿಟ್ಟು ಕೋಲು ತೊಳೆಯುತ್ತಿದ್ದೆ. ನನ್ನ ಹೆಬ್ಬೆರಳು ಕೂರುವ ಜಾಗ ಒಂದು ಚೂರು ಸವೆದು ನುಣುಪಾದ ಹಾಗೆ ಅನ್ನಿಸಿತು. ಕನ್ನಡಕ ಹಾಕಿ ನೋಡಿದೆ, ಏನೂ ಕಾಣಲಿಲ್ಲ. ಕಣ್ಣು ಮುಚ್ಚಿ ಮತ್ತೆ ಹಿಡಿದೆ. ಹೌದು, ಇದೆ.