ಲಾರಿ ನಂಬರಿನ ಫೋಟೋ

ನೆಲಮಂಗಲದ ಗೋಡೌನ್ ಗೇಟಿನಲ್ಲಿ ನನ್ನ ಕೆಲಸ ಇಷ್ಟೇ: ನಂಬರ್ ಪ್ಲೇಟಿನ ಫೋಟೋ ತೆಗೆಯದೆ ಯಾವ ಲಾರಿಯನ್ನೂ ಹೊರಗೆ ಬಿಡಬಾರದು. ಆಯುಧಪೂಜೆಯ ಮಾರನೇ ದಿನ ಮೊದಲ ಲಾರಿಗೇ ಫೋನಿನ ಕ್ಯಾಮೆರಾ ಕೈಕೊಟ್ಟಿತು. ಪರದೆ ತುಂಬ ಬರೀ ಕತ್ತಲೆ. ಆಫ್ ಮಾಡಿ ಆನ್ ಮಾಡಿದೆ, ಫೋನ್ ಕಂಪನಿಯವರಿಗೆ ಬೈದೆ. ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಡ್ರೈವರ್ ಇಳಿದು ಬಂದು ನನ್ನ ಫೋನ್ ತಿರುಗಿಸಿ ನೋಡಿದ.

"ಮನೇಲಿ ಫೋನಿಗೂ ಪೂಜೆ ಮಾಡಿದ್ರಾ ಸಾರ್?"

ಹೆಂಡತಿ ಇಟ್ಟ ಕುಂಕುಮ ಸರಿಯಾಗಿ ಲೆನ್ಸಿನ ಮೇಲೇ ಒಣಗಿ ಕೂತಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಒರೆಸಿದೆ. ಫೋಟೋ ಚೆನ್ನಾಗಿಯೇ ಬಂತು. ಅದರಲ್ಲಿ ನಂಬರ್ ಮಾತ್ರ ಇರಲಿಲ್ಲ. ಪ್ಲೇಟಿನ ತುಂಬ ಅರಿಶಿನ ಕುಂಕುಮ.

"ಒರೆಸಪ್ಪ" ಅಂದೆ.

"ಪೂಜೆ ಮಾಡಿರೋದು ಸಾರ್, ನಾನು ಹೆಂಗೆ ಒರೆಸ್ಲಿ? ನೀವೇ ಒರೆಸಿಬಿಡಿ. ನಿಮಗೆ ಹೆಂಗೂ ರೂಢಿ ಆಯ್ತಲ್ಲ."